ಗಾಜನೂರಿನಿಂದ ನೇತ್ರಾಣಿಗೆ: ಕಡಲ ವಿಹಾರಕ್ಕೆ ಕಾಲದ ಲೆಕ್ಕ

ಗಾಜನೂರು (ಶಿವಮೊಗ್ಗ): ತುಂಗಾ ಅಣೆಕಟ್ಟೆಯ ಈ ಊರಿನಿಂದ ಪಶ್ಚಿಮದ ಕಡಲು ನೇರ ರೇಖೆಯಲ್ಲಿ ಸುಮಾರು 100 ಕಿ.ಮೀ. ದೂರದಲ್ಲಿದೆ. ಆದರೆ ತುಂಗೆ ಆ ಕಡಲಿಗೆ ಬೆನ್ನು ಮಾಡಿ ಹರಿಯುತ್ತಾಳೆ. ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಮುಂದೆ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಸೇರುತ್ತಾಳೆ. ಅರಬ್ಬಿ ಸಮುದ್ರ ನೋಡಬೇಕೆಂದರೆ ಮಲೆನಾಡಿಗರು ಘಟ್ಟ ಇಳಿಯಲೇಬೇಕು.

ಹಿಂದೆ ಮುರುಡೇಶ್ವರದ 123 ಅಡಿ ಎತ್ತರದ ಶಿವನ ವಿಗ್ರಹ ನೋಡಿ, ಅಲೆಗಳಲ್ಲಿ ಕಾಲು ತೋಯಿಸಿಕೊಂಡು ಮರಳುತ್ತಿದ್ದವರಲ್ಲಿ ಹಲವರು ಈಗ ಇನ್ನೂ ಮುಂದೆ ಹೋಗಬಯಸುತ್ತಾರೆ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಹವಳ ಮತ್ತು ಬಣ್ಣದ ಮೀನುಗಳನ್ನು ನೀರಿನೊಳಗಿನಿಂದಲೇ ನೋಡುವುದು ಅವರ ಆಸೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ (2022) ಈ ಕಡಲಾಳವನ್ನು ನಾಡಿಗೇ ತೋರಿಸಿತು. (ರಾಜ್ ಮನೆತನದ ಗಾಜನೂರು ತಾಳವಾಡಿ ಸೀಮೆಯದು, ಹೆಸರು ಒಂದೇ, ಊರು ಬೇರೆ.)

ಇಂಥ ವಿಹಾರ ಕೆಡುವುದಕ್ಕೆ ಹಣದ ಕೊರತೆಗಿಂತ ಸಮಯದ ತಪ್ಪು ಲೆಕ್ಕವೇ ಹೆಚ್ಚಾಗಿ ಕಾರಣ. ಅವಸರದಲ್ಲಿ ನೀರಿಗಿಳಿಯುವುದು ಕೆಲವೊಮ್ಮೆ ಪ್ರಾಣಕ್ಕೂ ಎರವಾಗುತ್ತದೆ.

ಹಡಗಿನ ಪ್ರಯಾಣಿಕರು ಕಲಿಸುವ ಪಾಠ

ಕೆರಿಬಿಯನ್ ದ್ವೀಪಗಳ ನಡುವೆ ಸಂಚರಿಸುವ ವಿಹಾರ ನೌಕೆಗಳು ಸಾಮಾನ್ಯವಾಗಿ ಬೆಳಿಗ್ಗೆ ಬಂದರು ಸೇರಿ ಸಂಜೆ ಹೊರಡುತ್ತವೆ. ನಡುವಿನ ಕೆಲವೇ ಗಂಟೆಗಳಲ್ಲಿ ಪ್ರಯಾಣಿಕರು ಕಡಲತೀರಕ್ಕೆ ಹೋಗಿ, ಈಜಿ, ಮರಳಬೇಕು. ಅನುಭವಿಗಳು ಮೊದಲು ನೋಡುವುದು ಹಡಗು ಹೊರಡುವ ವೇಳೆಯನ್ನು. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದು, ರಸ್ತೆಯ ಅಡಚಣೆಗೆಂದು ಒಂದು ಗಂಟೆ ಕಳೆದು, ಉಳಿದುದನ್ನು ಮಾತ್ರ ತಮ್ಮದೆಂದು ಎಣಿಸುತ್ತಾರೆ. ನೌಕಾ ಸಂಸ್ಥೆಯೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತ ಟ್ಯಾಕ್ಸಿಯಲ್ಲಿ ಹೋದವರಿಗಾಗಿ ಕಾಯುವುದಿಲ್ಲ.

ನಮ್ಮಲ್ಲೂ ಇದಕ್ಕೆ ನಿದರ್ಶನಗಳಿವೆ. 1975ರಲ್ಲಿ ಉದ್ಘಾಟನೆಗೊಂಡ ಪಣಂಬೂರಿನ ನವ ಮಂಗಳೂರು ಬಂದರಿಗೆ ವಿದೇಶಿ ವಿಹಾರ ನೌಕೆಗಳು ಬಂದಾಗ, ಪ್ರಯಾಣಿಕರು ಹಗಲಿನಲ್ಲೇ ಕದ್ರಿ, ಕುದ್ರೋಳಿ, ಮೂಡುಬಿದಿರೆ ನೋಡಿ ಹಡಗಿಗೆ ಮರಳುತ್ತಾರೆ. ಲಕ್ಷದ್ವೀಪ ಆಡಳಿತದ ಪ್ರವಾಸಿ ಸಂಸ್ಥೆ ರೂಪಿಸಿದ ‘ಸಮುದ್ರಂ’ ಪ್ರವಾಸವೂ ಇದೇ ಮಾದರಿಯದು. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಈಜು; ರಾತ್ರಿ ಹಡಗಿನಲ್ಲಿ ನಿದ್ರೆ. ಅಲ್ಲಿ ಹಡಗಿನಿಂದ ಸಣ್ಣ ದೋಣಿಗೆ ಇಳಿಯುವುದಕ್ಕೇ ಸಾಕಷ್ಟು ಹೊತ್ತು ಬೇಕಾಗುತ್ತದೆ.

ಹಿಂದಕ್ಕೆ ಎಣಿಸಿದರೆ

ಈ ಲೆಕ್ಕವನ್ನು ನೇತ್ರಾಣಿಗೆ ಹೊಂದಿಸಿ ನೋಡೋಣ. ದೋಣಿಗಳು ಬೆಳಿಗ್ಗೆಯೇ ಹೊರಡುತ್ತವೆ. ಹೊತ್ತು ಏರಿದಂತೆ ನೆಲ ಕಾದು ಕಡಲಿನಿಂದ ಗಾಳಿ ಬೀಸತೊಡಗುತ್ತದೆ. ಮಧ್ಯಾಹ್ನದ ವೇಳೆಗೆ ಅಲೆಗಳು ಏಳುತ್ತವೆ. ಹೋಗಲು ಒಂದರಿಂದ ಒಂದೂವರೆ ಗಂಟೆ, ಬರಲು ಅಷ್ಟೇ. ಅಲ್ಲಿನ ಹೊತ್ತೂ ಸೇರಿದರೆ ನಾಲ್ಕೈದು ಗಂಟೆ ಬೇಕು. ದ್ವೀಪದ ದಡ ಕಡಿದಾದ ಬಂಡೆಗಳಿಂದ ಕೂಡಿರುವುದರಿಂದ ನೀರಿಗೆ ಇಳಿಯುವುದು ದೋಣಿಯಿಂದಲೇ.

ಗಾಜನೂರಿನಿಂದ ಮುರುಡೇಶ್ವರಕ್ಕೆ ಯಾವ ಮಾರ್ಗ ಹಿಡಿದರೂ ನಾಲ್ಕೈದು ಗಂಟೆಯ ಪ್ರಯಾಣ. ಸಾಗರ, ಜೋಗದ ಮೂಲಕ ಹೊನ್ನಾವರಕ್ಕೆ ಇಳಿಯಬಹುದು. ತೀರ್ಥಹಳ್ಳಿಯ ಕಡೆಯಿಂದ ಕೊಲ್ಲೂರು, ಬೈಂದೂರು ಸೇರಬಹುದು. ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಗೊಂಡ ಮೇಲೆ, ಸಿಗಂದೂರು ಮಾರ್ಗದಲ್ಲಿ ಲಾಂಚ್‌ಗಾಗಿ ಕಾಯುವ ಹೊತ್ತೂ ಉಳಿದಿದೆ.

ಹೀಗಿದ್ದರೂ, ಬೆಳಿಗ್ಗೆ 7ಕ್ಕೆ ಮುರುಡೇಶ್ವರದಲ್ಲಿರಲು ನಡುರಾತ್ರಿ 2ಕ್ಕೆ ಮನೆ ಬಿಡಬೇಕು. ದೋಣಿ ಇಳಿದು ಊಟ ಮುಗಿಸಿ ಹೊರಟರೆ ಊರು ಸೇರುವಾಗ ರಾತ್ರಿ. ವಾಹನ ನಡೆಸುವಾತ 18 ಗಂಟೆ ಎಚ್ಚರವಿದ್ದು, ಎರಡು ಸಲ ಘಟ್ಟದ ತಿರುವುಗಳನ್ನು ದಾಟಬೇಕಾಗುತ್ತದೆ. ಆದುದರಿಂದ ಹಿಂದಿನ ಸಂಜೆಯೇ ತಲುಪಿ ಅಲ್ಲಿ ತಂಗುವುದು ಲೇಸು. ಉಳಿತಾಯ ಮಾಡುವುದಿದ್ದರೆ ಬೇರೆ ಬಾಬಿನಲ್ಲಿ ಮಾಡಬಹುದು, ಈ ಒಂದು ರಾತ್ರಿಯಲ್ಲಲ್ಲ.

ಯಾವಾಗ ಹೋಗಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಪ್ರಕ್ಷುಬ್ಧವಾಗಿರುವುದರಿಂದ ಈ ವಿಹಾರ ನಿಲ್ಲುತ್ತದೆ. ಮಳೆಗಾಲದಲ್ಲಿ ಶರಾವತಿಯಂಥ ಪಶ್ಚಿಮವಾಹಿನಿ ನದಿಗಳು ಹೊತ್ತು ತರುವ ಮಣ್ಣು ಕರಾವಳಿಯ ನೀರನ್ನು ಕದಡುತ್ತದೆ. ಮಳೆ ನಿಂತ ಮೇಲೆ ನೀರು ಕ್ರಮೇಣ ತಿಳಿಯಾಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಪ್ರಶಸ್ತ. ಆಗಲೂ ಗಾಳಿ ಜೋರಾದರೆ ದೋಣಿ ಹೊರಡದು. ಮುಂಗಡ ಕೊಡುವ ಮುನ್ನ ರದ್ದಾದರೆ ಹಣ ಮರಳುವುದೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಹೊಳೆಯ ಈಜು ಬೇರೆ, ಕಡಲ ಈಜು ಬೇರೆ

ತುಂಗೆಯಲ್ಲಿ ಈಜು ಕಲಿತವರಿಗೆ ಧೈರ್ಯ ಸಹಜ. ಆದರೆ ಹೊಳೆಯ ಸೆಳೆತ ಒಂದೇ ದಿಕ್ಕಿನದು. ಕಡಲಲ್ಲಿ ದಡಕ್ಕೆ ಬಡಿದ ನೀರು ಕಿರಿದಾದ ಹಾದಿಯಲ್ಲಿ ಹಿಂದಕ್ಕೆ ನುಗ್ಗುತ್ತದೆ. ಅಲೆ ಕಡಿಮೆಯಿದ್ದು ಶಾಂತವಾಗಿ ಕಾಣುವ ಜಾಗದಲ್ಲೇ ಈ ಸೆಳೆತವಿರಬಹುದು. ಅದಕ್ಕೆ ಸಿಕ್ಕವರು ನೇರವಾಗಿ ದಡದತ್ತ ಈಜಿದರೆ ಬೇಗನೆ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಅನಂತರ ದಡದತ್ತ ತಿರುಗಬೇಕು. ಈಜಲಾಗದಿದ್ದರೆ ತೇಲುತ್ತ ಕೈಯೆತ್ತಿ ನೆರವು ಕೇಳಬೇಕು.

2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಬಯಲುಸೀಮೆಯಿಂದ ಬಂದವರಿಗಾಗಲಿ ಮಲೆನಾಡಿನವರಿಗಾಗಲಿ ಕಡಲು ರಿಯಾಯಿತಿ ತೋರುವುದಿಲ್ಲ. ಜೀವರಕ್ಷಕರ ಸೂಚನೆ, ಕೆಂಪು ಬಾವುಟ ಇವುಗಳನ್ನು ಮೀರಿ ಇಳಿಯಕೂಡದು.

ನೀರಿಗಿಳಿದ ಮೇಲೆ

ಸ್ನಾರ್ಕ್ಲಿಂಗ್ ಎಂದರೆ ಮುಖಕ್ಕೆ ಗಾಜಿನ ಮುಖವಾಡ ತೊಟ್ಟು, ಬಾಯಲ್ಲಿ ಉಸಿರಿನ ಕೊಳವೆ ಹಿಡಿದು, ಮೇಲ್ಮೈಯಲ್ಲೇ ತೇಲುತ್ತ ಕೆಳಗೆ ನೋಡುವುದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಆಳಕ್ಕಿಳಿಯುವುದು ಸ್ಕೂಬಾ. ಲಕ್ಷದ್ವೀಪದ ಹವಳ ದಿಬ್ಬಗಳು ಅಲೆಯನ್ನು ತಡೆದು ಒಳಗಿನ ನೀರನ್ನು ಸರೋವರದಂತೆ ಶಾಂತವಾಗಿಡುತ್ತವೆ. ನೇತ್ರಾಣಿಯದು ತೆರೆದ ಕಡಲು. ಈಜು ಬಲ್ಲವರೂ ಜೀವರಕ್ಷಕ ಜಾಕೆಟ್ ತೊಡಬೇಕು. ವಾಂತಿಯ ಮಾತ್ರೆಯನ್ನು ವೈದ್ಯರ ಸಲಹೆಯಂತೆ ದೋಣಿ ಹತ್ತುವ ಮುನ್ನವೇ ತೆಗೆದುಕೊಳ್ಳಬೇಕು. ಮುಖವಾಡವನ್ನು ದಡದಲ್ಲೇ ಹಾಕಿ ನೋಡಬೇಕು. ಮೀಸೆಯ ಬಳಿ ಗಾಳಿ ಸೋರಿದರೆ ನೀರೂ ಸೋರುತ್ತದೆ.

ಹವಳವನ್ನು ಮುಟ್ಟಬಾರದು, ಅದರ ಮೇಲೆ ನಿಲ್ಲಬಾರದು. ಅದು ಜೀವಿ, ಕಲ್ಲಲ್ಲ. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ನೆನಪಿಗೆಂದು ಮುರಿದು ತರುವುದು ಅಪರಾಧ.

ಘಟ್ಟ ಹತ್ತುವ ಮುನ್ನ

ಸ್ಕೂಬಾ ಮಾಡಿದವರು 12ರಿಂದ 18 ಗಂಟೆ ವಿಮಾನ ಏರಬಾರದೆಂಬುದು ಸಾಮಾನ್ಯ ನಿಯಮ. ಆಳದಲ್ಲಿ ರಕ್ತಕ್ಕೆ ಬೆರೆತ ಸಾರಜನಕ, ಒತ್ತಡ ಥಟ್ಟನೆ ಇಳಿದರೆ ಗುಳ್ಳೆಗಳಾಗಿ ತೊಂದರೆ ಕೊಡಬಲ್ಲುದು. ಎತ್ತರದ ಘಟ್ಟದ ರಸ್ತೆಗೂ ಇದೇ ತರ್ಕ ಅನ್ವಯಿಸುತ್ತದೆ. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಆರಂಭಿಕರ ಕಿರು ಮುಳುಗಿನಲ್ಲಿ ಅಪಾಯ ಕಡಿಮೆಯಾದರೂ, ಅಂದೇ ಘಟ್ಟ ಹತ್ತುವುದಿದ್ದರೆ ತರಬೇತುದಾರರಿಗೆ ಮೊದಲೇ ತಿಳಿಸಬೇಕು. ಸ್ನಾರ್ಕ್ಲಿಂಗ್‌ಗೆ ಈ ನಿರ್ಬಂಧವಿಲ್ಲ.

ಚಿಕ್ಕ ಮಕ್ಕಳು, ಹಿರಿಯರು ಜತೆಗಿದ್ದರೆ ನೇತ್ರಾಣಿಯ ಹಟ ಬೇಡ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳು ಇಡೀ ಕುಟುಂಬಕ್ಕೆ ಒಪ್ಪುವಂಥವು. ದೋಣಿ ಹೊರಡದ ದಿನಕ್ಕೂ ಇವನ್ನು ಪಟ್ಟಿಯಲ್ಲಿ ಇಟ್ಟುಕೊಂಡಿದ್ದರೆ, ಕೆಟ್ಟ ಗಾಳಿಯಲ್ಲಿ ದೋಣಿಯವರನ್ನು ಒತ್ತಾಯಿಸುವ ಪ್ರಸಂಗವೇ ಬಾರದು.