ಅಟ್ಟಕ್ಕೇರಿದ ಕೊಪ್ಪರಿಗೆ

ಕಾಲೇಜಿನ ಸರ್ವರ್ ನೋಡಿಕೊಳ್ಳುವ ಓದುಗರೊಬ್ಬರ ಪ್ರಶ್ನೆ: “‘ಫ್ರೀ ಹೈಫನ್ ಎಚ್’ ಕೊಟ್ಟರೆ ಸ್ವಾಪ್ ಸಾಲಿನಲ್ಲಿ ಒಟ್ಟು 4 ಜಿಬಿ, ಬಳಕೆ 1.3 ಜಿಬಿ ಅಂತ ಬರುತ್ತದೆ. ರ‍್ಯಾಮ್ ನೋಡಿದರೆ ಅರ್ಧ ಖಾಲಿ. ಹೊಸ ರ‍್ಯಾಮ್ ತರಿಸಲೇ?”

ಸ್ವಲ್ಪ ತಡೀರಿ. ಹಳೇ ಮನೆಗಳಲ್ಲಿ ತಪ್ಪಲೆ, ಸೌಟು ಒಲೆಯ ಪಕ್ಕದಲ್ಲೇ ಇರುತ್ತವೆ. ಮದುವೆಗೆ ಮಾತ್ರ ಬೇಕಾಗುವ ಕೊಪ್ಪರಿಗೆ ಅಟ್ಟದ ಮೇಲೆ. ಅಡುಗೆಮನೆ ಇಕ್ಕಟ್ಟಾದ ದಿನ ಯಾರೋ ಅದನ್ನು ಮೇಲೇರಿಸಿರುತ್ತಾರೆ. ನೆಂಟರೆಲ್ಲ ಹೊರಟು ಜಾಗ ತೆರವಾಯಿತೆಂದು ಯಾರೂ ಏಣಿ ಹತ್ತಿ ಇಳಿಸುವುದಿಲ್ಲ, ಬೇಕಾದಾಗ ಇಳಿಸಿದರಾಯಿತು. ಲಿನಕ್ಸ್ ಲೆಕ್ಕಾಚಾರವೂ ಇಷ್ಟೇ. ಯಾವುದೋ ರಾತ್ರಿ ಬ್ಯಾಕಪ್ ನಡೆಯುವಾಗ ರ‍್ಯಾಮ್ ಬಿಗಿಯಾಗಿದೆ, ಬಹುದಿನ ಯಾರೂ ಮುಟ್ಟದ ಪುಟಗಳು ಡಿಸ್ಕಿನ ಸ್ವಾಪ್ ಜಾಗಕ್ಕೆ ಹೋಗಿವೆ. ಪುಟವೆಂದರೆ ಮೆಮೊರಿಯ ಒಂದು ತುಂಡು, ಸಾಮಾನ್ಯವಾಗಿ 4 ಕೆಬಿ. ಬೆಳಗ್ಗೆ ಜಾಗವಾದರೂ ಯಾರೂ ಕೇಳಲಿಲ್ಲ, ಅಲ್ಲೇ ಉಳಿದವು. 1.3 ಜಿಬಿ ಎನ್ನುವುದು ಅಟ್ಟದ ಸಾಮಾನಿನ ಲೆಕ್ಕ. ಏಣಿ ಹತ್ತಿಳಿದ ಲೆಕ್ಕವಲ್ಲ.

ಏಣಿಯನ್ನು ನೋಡಬೇಕಾದರೆ ‘ವಿಎಂಸ್ಟ್ಯಾಟ್ 1’ ಕೊಡಿ. ಸೆಕೆಂಡಿಗೊಂದು ಸಾಲು ಮೂಡುತ್ತದೆ. ‘ಎಸ್ಐ’ ಕಾಲಂ ಅಟ್ಟದಿಂದ ಇಳಿದದ್ದು, ‘ಎಸ್ಒ’ ಮೇಲೇರಿದ್ದು. ಮೊದಲ ಸಾಲು ಯಂತ್ರ ಚಾಲೂ ಆದಾಗಿನಿಂದಿನ ಸರಾಸರಿ, ಅದನ್ನು ಬಿಟ್ಟುಬಿಡಿ. ಮುಂದೆಲ್ಲ ಸೊನ್ನೆ, ಅಪರೂಪಕ್ಕೊಂದು ಸಣ್ಣ ಅಂಕಿ ಬಂದರೆ ನಿಶ್ಚಿಂತೆ. ಎರಡೂ ಕಡೆ ಸಾವಿರಗಳು ಸುರಿಯುತ್ತಲೇ ಇದ್ದರೆ ಕೊಪ್ಪರಿಗೆ ಇಳಿಸಲು ತಪ್ಪಲೆ ಹತ್ತಿಸಿ, ತಪ್ಪಲೆ ಬೇಕೆಂದು ಕೊಪ್ಪರಿಗೆ ಹತ್ತಿಸುತ್ತಿದ್ದಾರೆಂದೇ ಅರ್ಥ. ಅಡುಗೆ ಆಗುವುದಿಲ್ಲ. ತಟ್ಟೆ ತಿರುಗುವ ಹಾರ್ಡ್ ಡಿಸ್ಕಾದರೆ ಒಂದು ಪುಟ ತರಲು ರ‍್ಯಾಮಿಗಿಂತ ಸುಮಾರು ಲಕ್ಷ ಪಟ್ಟು ಹೊತ್ತು. ಈ ಪರದಾಟಕ್ಕೆ ‘ಥ್ರ್ಯಾಶಿಂಗ್’ ಎನ್ನುತ್ತಾರೆ. ಅದರ ಕಾರಣವನ್ನು ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ 1968ರಲ್ಲೇ ಬಿಡಿಸಿಟ್ಟರು: ಪ್ರತಿ ಪ್ರೋಗ್ರಾಮಿಗೂ ಸದ್ಯಕ್ಕೆ ಕೈಗೆಟುಕಬೇಕಾದ ಪುಟಗಳ ಗುಂಪೊಂದಿರುತ್ತದೆ; ಎಲ್ಲರ ಗುಂಪುಗಳೂ ಒಟ್ಟಿಗೆ ರ‍್ಯಾಮಿನಲ್ಲಿ ಹಿಡಿಸದಿದ್ದರೆ ಕಥೆ ಮುಗಿಯಿತು.

ಅಟ್ಟ ಕಟ್ಟಿದವರು ಮ್ಯಾಂಚೆಸ್ಟರಿನವರು. 1962ರಲ್ಲಿ ಚಾಲೂ ಆದ ಟಾಮ್ ಕಿಲ್ಬರ್ನ್ ತಂಡದ ಅಟ್ಲಾಸ್ ಕಂಪ್ಯೂಟರಿನಲ್ಲಿ 512 ಪದಗಳ ಪುಟಗಳು. ಕೋರ್ ಮೆಮೊರಿಯಲ್ಲಿ ಹಿಡಿಯುತ್ತಿದ್ದದ್ದು ಬರೀ 32 ಪುಟ, ಸುತ್ತುವ ಡ್ರಮ್ಮಿನಲ್ಲಿ 192. ಪ್ರೋಗ್ರಾಮ್ ಬರೆಯುವವನಿಗೆ ಎರಡೂ ಸೇರಿ ಒಂದೇ ಮೆಮೊರಿಯಂತೆ ಕಾಣುತ್ತಿತ್ತು. ಯಾವ ಪುಟ ಹೊರಹೋಗಬೇಕೆಂದು ಹಿಂದಿನ ಬಳಕೆ ನೋಡಿ ಯಂತ್ರವೇ ಊಹಿಸುತ್ತಿತ್ತು! ಈಗಿನವರು ಅದಕ್ಕೂ ಎಐ ಎಂದು ಹೆಸರಿಟ್ಟು ಮಾರುತ್ತಿದ್ದರೇನೋ.

‘ಸ್ವಾಪ್‌ಆಫ್’ ಕೊಟ್ಟು ಮತ್ತೆ ‘ಸ್ವಾಪ್‌ಆನ್’ ಮಾಡಿ, ಬಳಕೆ ಸೊನ್ನೆಯಾಗುತ್ತದೆ ಎಂದು ಕೆಲವರು ಹೇಳಿಕೊಡುತ್ತಾರೆ. ಸೊನ್ನೆಯೇನೋ ಆಗುತ್ತದೆ, ಅಟ್ಟದ ಸಾಮಾನೆಲ್ಲ ಅಡುಗೆಮನೆಗೆ ಬಂದು ಬೀಳುತ್ತದೆ, ಮುಂದಿನ ಬ್ಯಾಕಪ್ಪಿನ ರಾತ್ರಿ ಮತ್ತೆ ಹತ್ತುತ್ತದೆ. ರ‍್ಯಾಮ್ ತರಿಸುವ ಮಾತು ಆಮೇಲಿರಲಿ. ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಫಲಿತಾಂಶ ನೋಡಲು ನುಗ್ಗುವ ಹೊತ್ತಿನಲ್ಲಿ ಹತ್ತು ನಿಮಿಷ ವಿಎಂಸ್ಟ್ಯಾಟ್ ಓಡಿಸಿ, ಆ ಎರಡು ಕಾಲಂ ಬರೆದು ಕಳಿಸಿ.