ಹಕ್ಕಿಗಳಿಗೊಂದು ಕನ್ಸರ್ಟೊ

ಕನ್ಸರ್ಟೊ ಅಂದರೆ ವಾದ್ಯವೃಂದದ ಜೊತೆ ಒಂದು ವಾದ್ಯವನ್ನು ಮುಂದಿಟ್ಟು ಬರೆದ ಕೃತಿ. ಅದನ್ನು ಸಾಮಾನ್ಯವಾಗಿ ಪಿಯಾನೊಗೋ ಪಿಟೀಲಿಗೋ ಬರೆಯುತ್ತಾರೆ. ಫಿನ್ಲೆಂಡಿನ ಸಂಗೀತ ರಚನೆಕಾರ ಐನೊಯುಹಾನಿ ರೌತವಾರ 1972ರಲ್ಲಿ ಹಕ್ಕಿಗಳಿಗೇ ಬರೆದರು!

ಹುಡುಗನಾಗಿದ್ದಾಗಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವರು ಇವರು. 1955ರಲ್ಲಿ ಹಿರಿಯ ಸಂಗೀತಗಾರ ಸಿಬೇಲಿಯಸ್ ಇವರನ್ನೇ ಆರಿಸಿದ್ದರಿಂದ ಅಮೆರಿಕದಲ್ಲಿ ಓದುವ ವಿದ್ಯಾರ್ಥಿವೇತನ ಸಿಕ್ಕಿತು.

ಔಲು ವಿಶ್ವವಿದ್ಯಾಲಯ ತನ್ನ ಮೊದಲ ಡಾಕ್ಟರೇಟ್ ಪದವಿ ಪ್ರದಾನಕ್ಕೆ ಸಂಗೀತ ಕೇಳಿದಾಗ ಹುಟ್ಟಿದ್ದೇ ಈ ಹಕ್ಕಿಗಳ ಕನ್ಸರ್ಟೊ, ‘ಕಾಂಟಸ್ ಆರ್ಕ್ಟಿಕಸ್’. ಆರ್ಕ್ಟಿಕ್ ವೃತ್ತದ ಸುತ್ತಮುತ್ತಲೂ ಲಿಮಿಂಕಾ ಎಂಬಲ್ಲಿನ ಜೌಗು ನೆಲದಲ್ಲೂ ಟೇಪಿಗಿಳಿಸಿದ ಹಕ್ಕಿದನಿ ಅದರಲ್ಲಿದೆ.

ಶುರುವಿನಲ್ಲಿ ಬರೀ ಎರಡು ಕೊಳಲು. ಆಮೇಲೆ ಜೌಗಿನ ಹಕ್ಕಿಗಳ ಗದ್ದಲ. ನನಗೆ ತುಂಬ ಇಷ್ಟ ಎರಡನೇ ಭಾಗ: ನೆಲಗುಬ್ಬಿ ಜಾತಿಯ ಪುಟ್ಟ ಹಕ್ಕಿಯ ಹಾಡನ್ನು ನಿಧಾನಿಸಿ, ಎರಡು ಸ್ಥಾಯಿ ಕೆಳಗಿಳಿಸಿದ್ದಾರೆ. ಆ ದನಿ ಮೈ ಜುಮ್ಮೆನ್ನಿಸುತ್ತದೆ. ಕೊನೆಗೆ ವಲಸೆ ಹೊರಟ ಹಂಸಗಳು.

ಪೂರ್ತಿ ಕೃತಿ 20 ನಿಮಿಷವೂ ಇಲ್ಲ. ಇಯರ್‌ಫೋನ್ ಹಾಕಿಕೊಂಡೇ ಕೇಳಿ.