ನದಿನೀರಿನಲ್ಲಿ ನೈಟ್ರೇಟ್: ವೆಚ್ಚ ಯಾರ ಲೆಕ್ಕಕ್ಕೆ?

ಒಂದು ಉದ್ಯಮದ ವೆಚ್ಚವು ಅದರ ಲೆಕ್ಕಪುಸ್ತಕದಲ್ಲಿ ನಮೂದಾಗದೆ ಹೋದರೆ, ಅದು ಮತ್ತೊಬ್ಬರ ಪುಸ್ತಕದ ಖರ್ಚಿನ ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡೆ ಮೊಯ್ನ್ ನಗರದ ಅನುಭವವು ಇದಕ್ಕೊಂದು ನಿದರ್ಶನ.

ರಕೂನ್ ಮತ್ತು ಡೆ ಮೊಯ್ನ್ ನದಿಗಳು ಈ ನಗರದ ಜಲಮೂಲಗಳು. ಮೇಲ್ಭಾಗದ ಮೆಕ್ಕೆಜೋಳ ಹಾಗೂ ಸೋಯಾ ಹೊಲಗಳ ಅಡಿಯಲ್ಲಿ ಹೂಳಿರುವ ಬಸಿಕೊಳವೆಗಳು ಹೆಚ್ಚುವರಿ ನೀರಿನೊಂದಿಗೆ ನೈಟ್ರೇಟನ್ನೂ ಹಳ್ಳಗಳಿಗೆ ಹರಿಸುತ್ತವೆ. ಕುಡಿಯುವ ನೀರಿನಲ್ಲಿ ಇದು ಮಿತಿಮೀರಿದರೆ ಹಸುಗೂಸುಗಳ ರಕ್ತವು ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಭಾರತೀಯ ಮಾನಕವೂ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟಿನ ಮಿತಿಯನ್ನು ವಿಧಿಸಿದೆ. ಅಮೆರಿಕದ ಮಿತಿಯೂ ಹೆಚ್ಚುಕಡಿಮೆ ಅಷ್ಟೇ.

ನಗರದ ನೀರು ಸರಬರಾಜು ಸಂಸ್ಥೆಯು 1990ರ ದಶಕದ ಆರಂಭದಲ್ಲಿಯೇ ನೈಟ್ರೇಟ್ ನಿವಾರಣಾ ಘಟಕವನ್ನು ಸ್ಥಾಪಿಸಿತು. 2015ರಲ್ಲಿ ಈ ಘಟಕವನ್ನು 177 ದಿನ ನಡೆಸಬೇಕಾಗಿ ಬಂದು ಸುಮಾರು 15 ಲಕ್ಷ ಡಾಲರ್ ವೆಚ್ಚವಾಯಿತು. ಅದನ್ನು ಭರಿಸಿದವರು ನೀರಿನ ಗ್ರಾಹಕರು.

ಅದೇ ವರ್ಷ ಸಂಸ್ಥೆಯು ಮೂರು ಕೌಂಟಿಗಳ ಬಸಿಗಾಲುವೆ ಮಂಡಳಿಗಳ ವಿರುದ್ಧ ನ್ಯಾಯಾಲಯದ ಮೊರೆಹೊಕ್ಕಿತು. 2017ರಲ್ಲಿ ದಾವೆ ವಜಾಗೊಂಡಿತು. ವ್ಯಾಜ್ಯದಿಂದ ನೀರು ಶುದ್ಧವಾಗಲಿಲ್ಲ. ನಗರ ಮತ್ತು ಹಳ್ಳಿಗಳ ನಡುವೆ ಮನಸ್ತಾಪವಷ್ಟೇ ಉಳಿಯಿತು.

ಪರಿಹಾರದ ತಾಂತ್ರಿಕತೆ ಜಟಿಲವೇನಲ್ಲ. ಬಸಿನೀರನ್ನು ಹಳ್ಳಕ್ಕೆ ನೇರವಾಗಿ ಬಿಡದೆ ದಂಡೆಯ ಹುಲ್ಲುಪಟ್ಟಿಯ ಮಣ್ಣಿನಲ್ಲಿ ಅಥವಾ ಮರದ ಚಕ್ಕೆ ತುಂಬಿದ ಗುಂಡಿಯಲ್ಲಿ ಹಾಯಿಸಿದರೆ, ಸೂಕ್ಷ್ಮಜೀವಿಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿ ಪರಿವರ್ತಿಸುತ್ತವೆ. ಆದರೆ ಇದರಿಂದ ರೈತನ ಇಳುವರಿ ಹೆಚ್ಚುವುದಿಲ್ಲ. ಲಾಭವೆಲ್ಲ ಕೆಳಭಾಗದ ನಗರಕ್ಕೆ. ಹೀಗಿರುವಾಗ ಇಂಜಿನಿಯರನ್ನು ಹುಡುಕಿ, ಗುತ್ತಿಗೆದಾರನಿಗೆ ಮುಂಗಡ ಕೊಟ್ಟು, ಸಹಾಯಧನಕ್ಕಾಗಿ ಕಾಯುವ ಗೊಡವೆ ಯಾರಿಗೆ ಬೇಕು?

ಡೆ ಮೊಯ್ನ್ ಇರುವ ಪೋಕ್ ಕೌಂಟಿಯು 2021ರಲ್ಲಿ ಈ ಕ್ರಮವನ್ನೇ ತಿರುಗಿಸಿತು. ಹತ್ತಾರು ಹೊಲಗಳ ಕಾಮಗಾರಿಯನ್ನು ಒಟ್ಟುಗೂಡಿಸಿ ಒಂದೇ ಗುತ್ತಿಗೆಯಾಗಿ ನೀಡಲಾಯಿತು. ರೈತರು ಕೈಯಿಂದ ಹಣ ಹಾಕಬೇಕಾಗಲಿಲ್ಲ. ಹೊಲದಲ್ಲಿ ಕೆಲಸಕ್ಕೆ ಅವಕಾಶ ಕೊಟ್ಟುದಕ್ಕೆ ಅವರಿಗೇ ಹಣ ಸಂದಿತು. ವರ್ಷಕ್ಕೆ ಬೆರಳೆಣಿಕೆಯಷ್ಟು ಆಗುತ್ತಿದ್ದ ಕಾಮಗಾರಿಗಳು ಆ ಒಂದೇ ಸುತ್ತಿನಲ್ಲಿ 51ಕ್ಕೇರಿದವು.

ಇದರಿಂದ ಸಮಸ್ಯೆ ತೀರಿತೆಂದಲ್ಲ. 2025ರ ಜೂನ್‌ನಲ್ಲಿ ನೈಟ್ರೇಟ್ ಏರಿ, ಪ್ರದೇಶದ ನಿವಾಸಿಗಳು ಹುಲ್ಲುಹಾಸಿಗೆ ನೀರುಣಿಸುವುದನ್ನೇ ನಿಷೇಧಿಸಬೇಕಾಯಿತು. ವಿಶಾಲ ಜಲಾನಯನಕ್ಕೆ 51 ತಾಣಗಳು ತೀರ ಅಲ್ಪ.

ಆದರೂ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶುದ್ಧೀಕರಣ ಘಟಕದ ಖರ್ಚು ಪ್ರತಿವರ್ಷವೂ ಮರುಕಳಿಸುವ ಕಂದಾಯ ವೆಚ್ಚ. ಹೊಲದಂಚಿನ ಕಾಮಗಾರಿ ಹಲವು ವರ್ಷ ಫಲ ನೀಡುವ ಬಂಡವಾಳ ವೆಚ್ಚ. ಲಾಭ ಪಡೆಯುವವನೇ ಹಣ ತೊಡಗಿಸಿ, ರೈತನ ತೊಡಕನ್ನು ತಾನೇ ನಿವಾರಿಸಿದಲ್ಲಿ ಸಹಕಾರವು ಉಪದೇಶವಾಗಿ ಉಳಿಯದೆ ವ್ಯವಹಾರವಾಗುತ್ತದೆ.